ಹೆಬ್ಬೆಟ್ಟು ಒತ್ತಿಸಿಕೊಂಡ ಸರ್ವೆ

ಯಾರನ್ನೂ ಸುಲಭಕ್ಕೆ ನಂಬುವ ಜಾಯಮಾನ ನನ್ನದಲ್ಲ. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ಮುಳ್ಳು ನೋಡುವುದಿಲ್ಲ, ಅವಳ ಕಿರುಬೆರಳು ಎಲ್ಲಿದೆ ಎಂದು ನೋಡುತ್ತೇನೆ. ಈಗ ವಯಸ್ಸಾಗಿ ಸ್ವಲ್ಪ ಮೆತ್ತಗಾಗಿದ್ದೇನೆ. ಆದರೆ ತಿಪಟೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ಈ ಗುಣವನ್ನು ಬುದ್ಧಿವಂತಿಕೆ ಎಂದೇ ತಿಳಿದಿದ್ದೆ, ಅದರ ಬಗ್ಗೆ ಜಂಬವೂ ಇತ್ತು.

ತುರ್ತು ಪರಿಸ್ಥಿತಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಒಂದು ದಿನ, ಪುಸ್ತಕ ಉರು ಹೊಡೆದದ್ದು ಸಾಕು, ನಾಲ್ಕು ನಾಲ್ಕು ಜನ ಸೇರಿ ಒಂದೊಂದು ಬೀದಿ ಹಿಡಿದು ಸರ್ವೆ ಮಾಡಿ ಎಂದರು. ಮನೆ ಸ್ವಂತದ್ದೋ ಬಾಡಿಗೆಯದ್ದೋ, ಎಷ್ಟು ಕೋಣೆ, ಎಷ್ಟು ತಲೆ, ಎಷ್ಟು ವರ್ಷದಿಂದ ಇದ್ದಾರೆ, ಇಷ್ಟನ್ನು ಬರೆದುಕೊಂಡು ಕೊನೆಗೆ ಪಟ್ಟಿ ಮಾಡಿ ವರದಿ ಕೊಡಬೇಕು. ನಮಗೆ ಸಿಕ್ಕಿದ್ದು ಕೊಬ್ಬರಿ ಮಾರ್ಕೆಟ್ಟಿನ ಹಿಂದಿನ ಬೀದಿ. ಗುಂಪಿನಲ್ಲಿ ನಾನು, ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ಬಾಯಿ ಬಿಡದ ಒಬ್ಬ ಹುಡುಗ, ಮತ್ತೆ ನಮ್ಮ ಲೀಡರು. ಲೀಡರ್ ಕೊಬ್ಬರಿ ಮಂಡಿಯವರ ಮಗ. ಇಸ್ತ್ರಿ ಮಾಡಿದ ಅಂಗಿ, ಎಲ್ಲರ ಜೊತೆಗೂ ನಗುನಗುತ್ತಾ ಮಾತು. ಅಷ್ಟು ಸಾಕಿತ್ತು ನನಗೆ ಅನುಮಾನ ಪಡಲು.

ಬೀದಿಯೂ ನಮ್ಮನ್ನು ಅನುಮಾನದಿಂದಲೇ ನೋಡಿತು. ಮೊದಲ ಮನೆಯಲ್ಲಿ ನಾವು ಫಾರಂ ತೆಗೆದ ತಕ್ಷಣ ಬಾಗಿಲು ಹಾಕಿಕೊಂಡರು. "ಮಕ್ಳಾಗ್ದಂಗೆ ಆಪರೇಷನ್ ಮಾಡ್ಸಾಕೆ ಹೆಸ್ರು ಬರ್ಕಂಡು ಹೋಗೋರು ಬಂದವ್ರೆ" ಎಂದು ಒಳಗಿನಿಂದ ಯಾರೋ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಇನ್ನೊಬ್ಬರು ಕಂದಾಯ ಏರಿಸಲು ಬಂದಿದ್ದೀರಿ ಎಂದು ಜಗಲಿಯಿಂದ ಇಳಿಸಿದರು. ಒಬ್ಬ ಮುದುಕರಂತೂ ಫಾರಂ ಇಸಿದುಕೊಂಡು, ತಿರುಗಿಸಿ, ಖಾಲಿ ಇದ್ದ ಬೆನ್ನನ್ನೇ ಬಹಳ ಹೊತ್ತು ನೋಡಿ ವಾಪಸು ಕೊಟ್ಟರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಒಬ್ಬಾಕೆ ಗದರಿದಳು: "ಉಣ್ಣೋ ಮಕ್ಳ ತಲೆ ಎಣಿಸ್ತಾರೇನೇ? ಊಟಕ್ಕೆ ಎಂಟು ತಟ್ಟೆ ಹಾಕ್ತೀನಿ. ಏನ್ ಬೇಕಾದ್ರೂ ಬರ್ಕ." ನಾನು ಎಂಟು ಎಂದು ಬರೆದೆ. ಆದರೂ ಗಂಡ ಊರಲ್ಲಿದ್ದಾನೋ ಇಲ್ಲವೋ, ತಟ್ಟೆಯಲ್ಲಿ ನೆಂಟರದ್ದೂ ಸೇರಿದೆಯೋ ಎಂಬ ಯೋಚನೆ ಬಿಡಲಿಲ್ಲ.

ಹೀಗೆ ದಿನವೆಲ್ಲ ಅಲೆದು ನಾವಿಬ್ಬರು ಹುಡುಗಿಯರು ಐದು ಮನೆ ಮುಗಿಸಿದರೆ, ಮರುದಿನ ಲೀಡರ್ ನಮ್ಮನ್ನು ಓಡಿಸಿದ ಮನೆಗಳೂ ಸೇರಿ ಹನ್ನೆರಡು ಫಾರಂ ತುಂಬಿಸಿಕೊಂಡು ಬಂದ. ಒಂದರಲ್ಲೂ ಚಿತ್ತು ಕಾಟಿಲ್ಲ. ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಾ ಬರೆದಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ನೇರ ಮೇಷ್ಟ್ರ ಹತ್ತಿರ ಹೋಗಿ, ಪ್ರತಿ ಫಾರಂ ಕೆಳಗೂ ಮನೆಯವರ ಸಹಿ ಇಲ್ಲವೇ ಹೆಬ್ಬೆಟ್ಟು ಇರಬೇಕು ಸಾರ್, ಇಲ್ಲದಿದ್ದರೆ ಯಾರು ಏನು ಬೇಕಾದರೂ ಬರೆದು ತರಬಹುದು ಎಂದೆ. ಅವರು ನನ್ನ ಶ್ರದ್ಧೆಯನ್ನು ಮೆಚ್ಚಿ, ಆಫೀಸಿನಿಂದ ಇಂಕ್ ಪ್ಯಾಡ್ ಕೊಡಿಸಿದರು.

ಲೀಡರ್ ಮುಖ ಸಪ್ಪಗಾಯಿತು. "ಬೇಡ ಕಣ್ರೀ. ಹೆಬ್ಬೆಟ್ಟು ಅಂದ್ರೆ ಜನ ಹೆದರ್ತಾರೆ. ಈಗ ಕಾಲ ಸರಿಯಿಲ್ಲ" ಎಂದ.

ಅವನು ಹೇಳಿದ್ದು ಸುಳ್ಳಲ್ಲ. ಗೇಣಿದಾರರ ಕಾನೂನು ಬಂದು ತಾಲ್ಲೂಕಿನಲ್ಲೆಲ್ಲ ಅದೇ ಮಾತಾಗಿದ್ದ ಕಾಲ. ಉಳುತ್ತಿದ್ದವರು ಅರ್ಜಿಗೆ ಹೆಬ್ಬೆಟ್ಟು ಒತ್ತಿ ಟ್ರಿಬ್ಯೂನಲ್ಲಿಗೆ ಕೊಟ್ಟರೆ ಜಮೀನು ಅವರದ್ದಾಗುತ್ತಿತ್ತು. ತೋಟ, ಹೊಲ ಇದ್ದವರು ಬಿಳಿ ಹಾಳೆ ಕಂಡರೂ ಬೆಚ್ಚುತ್ತಿದ್ದರು. ಇದೆಲ್ಲ ನನಗೂ ಗೊತ್ತಿತ್ತು. ಆದರೆ ಅವತ್ತು ನನಗೆ ಕಾಣಿಸಿದ್ದು ಕಳ್ಳ ಸಿಕ್ಕಿಬಿದ್ದ ಎಂಬುದೊಂದೇ. ಪ್ಯಾಡ್ ಹಿಡಿದು ಅವನ ಹನ್ನೆರಡು ಮನೆಗಳಿಗೂ ನಾನೇ ಹೋದೆ. ಎಲ್ಲರೂ ಅವನಿಗೆ ಹೇಳಿದ್ದನ್ನೇ ನನಗೂ ಹೇಳಿದರು. ಅವರಿಗೆಲ್ಲ ಮೊದಲೇ ಹೇಳಿಕೊಟ್ಟಿದ್ದಾನೆ ಎಂದುಕೊಂಡೆ.

ಬೀದಿಯ ಕೊನೆಯಲ್ಲಿ, ನಾವಿನ್ನೂ ಹೋಗದಿದ್ದ ಮನೆಯಲ್ಲಿ ಅಜ್ಜಿಯೊಬ್ಬಳಿದ್ದಳು. ಚಿಕ್ಕನಾಯಕನಹಳ್ಳಿ ಕಡೆಯವಳು, ಗಂಡ ಸತ್ತು ಮಕ್ಕಳಿಲ್ಲದವಳು. ಶೆಟ್ಟಿಕೆರೆ ಹತ್ತಿರದ ತೋಟದ ಯಜಮಾನರೊಬ್ಬರು ಇಪ್ಪತ್ತು ವರ್ಷದ ಹಿಂದೆ ತಂದು ಇರಿಸಿದ್ದರು. ಮನೆಯ ತುಂಬ ಅಟ್ಟ, ಅಟ್ಟದ ತುಂಬ ಅವರ ತೋಟದ ಕಾಯಿ. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ವರ್ಷದ ಹತ್ತಿರ ಅಟ್ಟದಲ್ಲೇ ಕೂತು ಒಳಗಿನ ನೀರು ಆರಬೇಕು. ಕೆಳಗೆ ಒಲೆ ಉರಿದು ಹೊಗೆಯಾಡುತ್ತಿದ್ದರೆ ಕಾಯಿ ಕೆಡುವುದಿಲ್ಲ. ಅಜ್ಜಿ ಒಲೆ ಉರಿಸುವುದು, ಇಲಿ ಓಡಿಸುವುದು, ಹೆಂಚು ಸೋರಿದರೆ ಹೇಳಿ ಕಳಿಸುವುದು. ಅವಳು ಬಾಡಿಗೆ ಕೊಡುತ್ತಿರಲಿಲ್ಲ, ಅವರು ಸಂಬಳ ಕೊಡುತ್ತಿರಲಿಲ್ಲ. ನಮ್ಮ ಸೀಮೆಯಲ್ಲಿ ಹೀಗೆ ಅಟ್ಟದ ಕೆಳಗೆ ಬದುಕಿದವರು ಬೇಕಾದಷ್ಟು ಜನ.

"ಮನೆ ಯಾರದಜ್ಜಿ?" ಎಂದೆ.

"ಕಾಯಿದು ಕಣವ್ವಾ. ನಾನು ಕೆಳಗಿವ್ನಿ ಅಷ್ಟೆ."

ಫಾರಂನಲ್ಲಿ ಇದ್ದದ್ದು ಎರಡೇ: ಸ್ವಂತ, ಬಾಡಿಗೆ. ಆ ಮನೆಗೆ ಲೀಡರ್ ಕೂಡ ನನ್ನ ಜೊತೆ ಬಂದಿದ್ದ. "ಖಾಲಿ ಬಿಡ್ರೀ, ಇದು ಎರಡಕ್ಕೂ ಸೇರಲ್ಲ" ಎಂದ. ಖಾಲಿ ಬಿಟ್ಟರೆ ಪಟ್ಟಿಯಲ್ಲಿ ಕೂಡಿಸುವುದು ಹೇಗೆ ಎಂದು ನಾನು ರೇಗಿದೆ. ಸ್ವಂತವಲ್ಲ ಎಂದಮೇಲೆ ಬಾಡಿಗೆ ಎಂದು ಗುರುತು ಹಾಕಿ, ಅಜ್ಜಿಗೆ ಓದಿ ಹೇಳಿದೆ. ಅವಳು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿ, ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಎದ್ದು ಹೊರಟಾಗ ಕೈಗೆ ಒಂದು ಹೋಳು ಕೊಬ್ಬರಿ, ಚೂರು ಬೆಲ್ಲ ಕೊಟ್ಟಳು.

ವಾರ ಕಳೆದು, ಬೀದಿಯ ನಕ್ಷೆ ಬರೆಯಲು ನಾವು ಮತ್ತೆ ಹೋದಾಗ ಆ ಮನೆ ಮುಂದೆ ಎತ್ತಿನ ಗಾಡಿ ನಿಂತಿತ್ತು. ಆಳುಗಳು ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಅಲ್ಲಾಡಿಸಿದರೆ ಇನ್ನೂ ನೀರು ಕುಲುಕುವ ಕಾಯಿ. ಬುದ್ಧಿ ನೆಟ್ಟಗಿರುವ ಯಾರೂ ಹಾಗೆ ಅರ್ಧಕ್ಕೆ ಅಟ್ಟ ಇಳಿಸುವುದಿಲ್ಲ. ಅಜ್ಜಿ ಎದುರುಮನೆ ಜಗಲಿಯಲ್ಲಿ ಟ್ರಂಕಿನ ಪಕ್ಕ ಕೂತಿದ್ದಳು. ಎಂಟು ತಟ್ಟೆಯ ಆಕೆ ನನ್ನನ್ನು ಕಂಡು ಹೇಳಿದಳು: "ಬಾಡಿಗೇಲಿವ್ನಿ ಅಂತ ಬರ್ಸಿ ಹೆಬ್ಬೆಟ್ಟು ಒತ್ತವ್ಳೆ, ಮನೆ ಹೊಡ್ಕಳಾಕೆ ನೋಡ್ತಾವ್ಳೆ ಅಂತ ಯಜಮಾನ್ರು ಖಾಲಿ ಮಾಡಿಸ್ತಾವ್ರೆ."

ನನ್ನ ರಕ್ತ ಕುದಿಯಿತು, ಲೀಡರ್ ಮೇಲೆ. ಆ ಯಜಮಾನರು ಕೊಬ್ಬರಿ ತರುತ್ತಿದ್ದುದು ಅವರಪ್ಪನ ಮಂಡಿಗೆ. ಇನ್ಯಾರು ಹೇಳಿರಲು ಸಾಧ್ಯ? ನಡುಬೀದಿಯಲ್ಲೇ ಅವನನ್ನು ಬಾಯಿಗೆ ಬಂದಂತೆ ಬೈದೆ. ಚಾಡಿಕೋರ ಎಂದೆ, ಮುದುಕಿಯ ಅನ್ನಕ್ಕೆ ಮಣ್ಣು ಹಾಕಿದೆ ಎಂದೆ. ಅವನು, "ಆ ಫಾರಂ ತಗೊಳ್ಳಿ, ಹೋಗಿ ಅವರನ್ನೇ ಕೇಳೋಣ" ಎಂದಷ್ಟೇ ಹೇಳಿದ.

ಯಜಮಾನರು ಮಂಡಿಯಲ್ಲೇ ಗೋಣಿಚೀಲದ ಮೇಲೆ ಕೂತಿದ್ದರು. ಯಾರು ಹೇಳಿದ್ದು ಎಂದು ಕೇಳಿದೆ.

"ಯಾರ್ ಯಾಕ್ ಹೇಳ್ತಾರೆ? ಕಾಯಿ ನೋಡಾಕೆ ಹೋಗಿದ್ದೆ. ಆವಮ್ಮನೇ ಅಂದ್ಲು. ಕಾಲೇಜು ಹುಡ್ಗಿ ಬಂದಿದ್ಲು, ಮನೆ ಬಾಡಿಗೇದು ಅಂತ ಬರ್ಕಂಡ್ಲು, ಹೆಬ್ಬೆಟ್ಟು ಒತ್ತುದೆ ಅಂತ. ನೀನೇ ಹೇಳವ್ವಾ, ಯಾವ ಕಾಲೇಜು ಪಾಠಕ್ಕೆ ಹೆಬ್ಬೆಟ್ಟು ಕೇಳ್ತದೆ?"

ಹೆಬ್ಬೆಟ್ಟು ಮೇಷ್ಟ್ರು ಕೇಳಿದ್ದಲ್ಲ, ಪಾಠಕ್ಕೆ ಬೇಕಾಗಿದ್ದೂ ಅಲ್ಲ. ಪಕ್ಕದಲ್ಲಿ ನಿಂತಿದ್ದವನನ್ನು ಸುಳ್ಳುಗಾರ ಎಂದು ತೋರಿಸಲು ನಾನು ಕೇಳಿದ್ದು.

ಲೀಡರ್ ನನ್ನ ಕೈಯಿಂದ ಫಾರಂ ತೆಗೆದುಕೊಂಡು ಅವರ ಎದುರೇ ನಾಲ್ಕು ಚೂರು ಮಾಡಿದ. "ಇಷ್ಟೇ ಯಜಮಾನ್ರೇ. ಅಜ್ಜಿನ ಕರ್ಸ್ಕಳಿ" ಎಂದ.

ಅವರು ಚೂರುಗಳನ್ನೇ ನೋಡಿದರು. "ನೀ ಹರಿದಿದ್ದು ಇದು ಕಣಪ್ಪ. ಇಂಥದ್ದೇ ಇನ್ನೊಂದು ಎಲ್ಲೈತೋ, ನಂಗೇನ್ ಗೊತ್ತು?"

ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಇದೇ ಮಾತು ಹೇಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗದೆ ಅಲ್ಲಿಂದ ಬಂದೆ. ಲೀಡರ್ ಹತ್ತಿರ ತಪ್ಪಾಯಿತು ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು. ಹೇಳಿದಾಗ ಅವನು, "ಹೋಗ್ಲಿ ಬುಡ್ರೀ" ಎಂದ. ಆಮೇಲೆ ಅವನು ನನ್ನ ಮುಂದೆ ನಗುನಗುತ್ತಾ ಮಾತಾಡಿದ್ದನ್ನು ನಾನು ನೋಡಲಿಲ್ಲ.

ಅಜ್ಜಿ ಚಿಕ್ಕನಾಯಕನಹಳ್ಳಿಯಲ್ಲಿದ್ದ ತಮ್ಮನ ಮಗಳ ಮನೆಗೆ ಹೊರಟಳು. ಅಲ್ಲಿ ಅವಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ಅವಳಿಗೂ ಗೊತ್ತಿರಲಿಲ್ಲ. ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿನವರೆಗೆ ನಾನು ಹೋದೆ. ಬಸ್ಸು ಬರುವವರೆಗೂ ತಡೆದುಕೊಂಡಿದ್ದು ಕೊನೆಗೆ ಕೇಳಿಯೇಬಿಟ್ಟೆ. "ಬೀದಿಯವರೆಲ್ಲ ಯಾಕೆ, ಏನು ಅಂತ ಹತ್ತು ಸಲ ಕೇಳಿದ್ರು. ನೀವೊಬ್ರೇ ಏನೂ ಕೇಳ್ದೆ ಹೆಬ್ಬೆಟ್ಟು ಒತ್ತಿದ್ರಿ. ಯಾಕಜ್ಜಿ?"

ಅವಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಓದೋ ಮಗ ಬಿಸ್ಲಲ್ಲಿ ಬಂದು ಕೇಳ್ತು, ಒತ್ತುದೆ. ನಿನ್ ಮೇಲೆ ಅನುಮಾನ ಪಡಾಕೆ ನೀನೇನ್ ಮಾಡಿದ್ದವ್ವಾ?" ಎಂದು ಬಸ್ಸು ಹತ್ತಿದಳು.

ನಮ್ಮ ವರದಿ ತರಗತಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು ಮೇಷ್ಟ್ರು. ಆದರೆ ನಕ್ಷೆಯಲ್ಲಿರುವ ಮನೆಗಳಿಗಿಂತ ಫಾರಂ ಒಂದು ಕಡಿಮೆ ಇದೆಯಲ್ಲ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಲೀಡರ್, "ಒಂದು ಮನೆ ಖಾಲಿ ಇದೆ ಸಾರ್" ಎಂದ. ಹಾಗಾದರೆ ಅದನ್ನೂ ಸೇರಿಸಮ್ಮ ಎಂದು ಮೇಷ್ಟ್ರು ಹಾಳೆಯನ್ನು ನನ್ನ ಕಡೆ ಸರಿಸಿದರು. ಖಾಲಿ ಮನೆ, ಒಂದು ಎಂದು ನನ್ನ ಕೈಯಾರೆ ಬರೆದೆ. ಅದು ಹೇಗೆ ಖಾಲಿಯಾಯಿತು ಎಂದು ಅವರು ಕೇಳಲಿಲ್ಲ, ಹೇಳುವ ಧೈರ್ಯ ನನಗೂ ಬರಲಿಲ್ಲ.