ಮುಷ್ಟಿಯೊಳಗಿನ ಕೀ

ಪುತ್ತೂರು ಹತ್ತಿರದ ಸವಣೂರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ಬ್ಯಾರಿ ಹೆಂಗಸು ಅವರು. ಮಗಳಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಬಂದಾಗ ಮೂಗಿಗೆ ಹೊಡೆಯುವ ಸ್ಪ್ರೇ ಇಲ್ಲದೆ ಅವರು ಹೊಸಿಲು ದಾಟಿದವರಲ್ಲ. ಅದೆಂತ ಎಂದು ಯಾರಾದರೂ ಕೇಳಿದರೆ, ಬೆರಳಿನಿಂದ ಮೂಗಿನ ತುದಿಯಿಂದ ಹಣೆಯವರೆಗೆ ಗೆರೆ ಎಳೆದು, "ಮಂಡೆಗೆ ಇದು ಹತ್ತಿರದ ದಾರಿ ಅಲ್ವಾ?" ಎನ್ನುತ್ತಿದ್ದರು.

ಒಮ್ಮೆ ಪುತ್ತೂರಿನ ಬಸ್ಸಿನಲ್ಲಿ ಹುಡುಗಿಗೆ ಫಿಟ್ಸ್ ಬಂತು. ಅವರು ಅವಳನ್ನು ಸೀಟಿನಲ್ಲಿ ಮಗ್ಗುಲಾಗಿ ಮಲಗಿಸಿ, ಮೂಗಿಗೆ ಸ್ಪ್ರೇ ಹೊಡೆದರು. ಅಷ್ಟರಲ್ಲಿ, "ಕಬ್ಬಿಣ ಕೊಡಿ, ಕೈಗೆ ಕಬ್ಬಿಣ ಕೊಡಿ!" ಎಂದು ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ಡ್ರೈವರ್ ಬಸ್ಸು ನಿಲ್ಲಿಸಿ, ಅದರ ಕೀಯನ್ನೇ ಕಿತ್ತು ತಂದು ಹುಡುಗಿಯ ಮುಷ್ಟಿಯೊಳಗೆ ತುರುಕಿದ.

ಹಿಂದಿನ ಸೀಟಿನಲ್ಲಿದ್ದ ನನಗೆ ರೇಗಿತು. "ಇದೆಲ್ಲ ಎಂತಕ್ಕೆ ಮಾರಾಯ್ರೆ? ತೆಗೀರಿ!" ಎಂದೆ.

"ಇರ್ಲಿ ಇರ್ಲಿ," ಎಂದರು ಅವರು. "ಮದ್ದು ಮಂಡೆಗೆ ಮುಟ್ಟಿದ್ರೆ ಮುಷ್ಟಿ ಸಡಿಲ ಆಗ್ತದೆ. ಕೀ ಬೀಳುದು ಕೇಳ್ಬೇಕು, ಎಲ್ಲರೂ ಸ್ವಲ್ಪ ಸುಮ್ಮನಿರಿ, ಆಯ್ತಾ?"

ನೂಕಾಟ ನಿಂತಿತು. ಇಡೀ ಬಸ್ಸು ಉಸಿರು ಬಿಗಿಹಿಡಿದು ಆ ಪುಟ್ಟ ಮುಷ್ಟಿಯನ್ನೇ ನೋಡುತ್ತಿತ್ತು. ಕೊನೆಗೂ ಠಣ್ ಎಂದಿತು.

ಅವರು ಕೀಯನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ ಕೊಟ್ಟರು. ಡ್ರೈವರ್ ಅದನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡ. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು:

"ನಿಮ್ಮ ಕೀಯಿಂದ ಉಪಕಾರ ಆಯ್ತು. ಇನ್ನು ಬಸ್ಸು ಬಿಡಿ."