ಕೈಕೊಡದ ಗಾಡಿ

ಮಂಗಳೂರು ನಂತೂರಿನ ಬೋಜ ಗಿರಾಕಿಗಳಿಗೆ ಸುಳ್ಳು ಹೇಳಿದ್ದು ಬಹಳ ಕಡಿಮೆ. ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಹಳೆಯ ಕಾರು ಮಾರುವ ಬೇರೆ ಬ್ರೋಕರುಗಳು ದೇವರ ಮೇಲೆ, ದೈವದ ಮೇಲೆ, ಹೆತ್ತ ತಾಯಿಯ ಮೇಲೆ ಆಣೆ ಹಾಕುತ್ತಿದ್ದಾಗ ಬೋಜ ಒಂದು ಕಥೆ ಹೇಳುತ್ತಿದ್ದ. ಕಥೆ ಮುಗಿಯುವಷ್ಟರಲ್ಲಿ ಕಾರಿನ ಕೀ ಗಿರಾಕಿಯ ಕೈಯಲ್ಲಿರುತ್ತಿತ್ತು.

ಅದು ಜಪಾನಿನ ಹಯಾಸೆ ಕಂಪನಿಯ ಕಥೆ. ಹಯಾಸೆ ಎಂಬವನು ಮೊದಲು ಮೀನುಗಾರರ ದೋಣಿಗಳಿಗೆ ಎಂಜಿನ್ ಮಾಡುತ್ತಿದ್ದನಂತೆ. ನಡುಗಡಲಿನಲ್ಲಿ ಎಂಜಿನ್ ನಿಂತರೆ ತಳ್ಳಲು ಯಾರೂ ಬರುವುದಿಲ್ಲ, ಹಾಗಾಗಿ ನಿಲ್ಲದ ಎಂಜಿನ್ ಮಾಡುವುದೊಂದೇ ಅವನು ಕಲಿತ ವಿದ್ಯೆ. ಯುದ್ಧದಲ್ಲಿ ಕಾರ್ಖಾನೆ ಸುಟ್ಟು ಬೂದಿಯಾಯಿತು. ಅಳಿದುಳಿದ ತಗಡಿನಲ್ಲಿ ಅನ್ನದ ಪಾತ್ರೆ ಮಾಡಿ ಮಾರಿ ಕೆಲಸದವರ ಹೊಟ್ಟೆ ಹೊರೆದ. ಆಮೇಲೆ ಅದೇ ದೋಣಿಯ ಎಂಜಿನ್ನಿಗೆ ನಾಲ್ಕು ಚಕ್ರ ಕಟ್ಟಿ ಮೊದಲ ಕಾರು ರಸ್ತೆಗೆ ಬಿಟ್ಟ. ಇದನ್ನೆಲ್ಲ ಬೋಜನಿಗೆ ಹೇಳಿದವನು ಮಸ್ಕತ್ತಿನಲ್ಲಿ ಆ ಕಂಪನಿಯ ಶೋರೂಮಿನಲ್ಲಿ ಕಾರು ತೊಳೆಯುತ್ತಿದ್ದ ಅವನ ಭಾವ. ಅದರಲ್ಲಿ ಎಷ್ಟು ನಿಜವೋ, ಎಷ್ಟು ಉಪ್ಪುಖಾರವೋ, ಕೇಳಿದವರಿಲ್ಲ.

ಕಥೆಯ ಕೊನೆಯ ತುಂಡು ಬೋಜನಿಗೆ ಬಹಳ ಪ್ರೀತಿಯದು. ಹಯಾಸೆಯಲ್ಲಿ ಒಂದು ಕಾನೂನು ಇತ್ತಂತೆ. ಒಂದು ಕಾರು ಕೆಟ್ಟು ವಾಪಸು ಬಂದರೆ, ಆ ಭಾಗವನ್ನು ಜೋಡಿಸಿದ ಕೆಲಸಗಾರನೇ ಗಿರಾಕಿಯ ಮನೆಬಾಗಿಲಿಗೆ ಹೋಗಬೇಕು, ಸೊಂಟ ಬಗ್ಗಿಸಿ ‘ತಪ್ಪು ನನ್ನದು’ ಎನ್ನಬೇಕು. ಬೋಜ ತನ್ನ ಡೊಳ್ಳುಹೊಟ್ಟೆಯನ್ನು ಮಡಚಿ, ಕೈಗಳನ್ನು ತೊಡೆಗೆ ಅಂಟಿಸಿ, ಬಗ್ಗಿ ತೋರಿಸುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ನಕ್ಕವನು ಕೊಳ್ಳದೆ ಹೋದದ್ದಿಲ್ಲ.

ಗಾಡಿಯೂ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆಯಿಲ್ ಬದಲಿಸಿ, ಟಯರ್ ಬದಲಿಸಿ, ಓಡಿಸುತ್ತಾ ಇರಿ. ಕೊಂಡವರು ಹತ್ತು ವರ್ಷ ಎಂಜಿನ್ ಬಿಚ್ಚದೆ ಓಡಿಸಿದ್ದಾರೆ. ಬೋಜ ಬದುಕಿದ್ದು ಇದರ ಮೇಲೆಯೇ. ಕೆಡದ ಗಾಡಿಯನ್ನು ಯಾವ ಮೆಕ್ಯಾನಿಕನೂ ಬಿಚ್ಚಿ ನೋಡುವುದಿಲ್ಲ, ಬಿಚ್ಚದ ಗಾಡಿಯೊಳಗೆ ಏನಿದೆ, ಏನಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬಿಳಿ ಹಯಾಸೆ ಅವನ ಕೈಗೆ ಬಂದಿತ್ತು. ಎದುರು ಪೂರ್ತಿ ಜಜ್ಜಿಹೋಗಿತ್ತು. ಮುಂದಿನ ಎರಡೂ ಏರ್‌ಬ್ಯಾಗುಗಳು ಒಡೆದು, ಗಾಳಿ ಹೋದ ಬಲೂನಿನಂತೆ ಜೋತಾಡುತ್ತಿದ್ದವು. ಬೋಜ ಬಾನೆಟ್ ಹಾಕಿಸಿದ, ಬಣ್ಣ ಹೊಡೆಸಿದ. ಸ್ಟಿಯರಿಂಗಿನ ಬ್ಯಾಗನ್ನು ಗುಜರಿಯ ಇನ್ನೊಂದು ಗಾಡಿಯಿಂದ ತಂದು ಕೂರಿಸಿದ. ಎಡಗಡೆಯದು ಸಿಗಲಿಲ್ಲ. ಹೊಸದು ತರಿಸಿದರೆ ಲಾಭವೇ ಹೋಗುತ್ತಿತ್ತು. ಅಲ್ಲಿಗೆ ಬರೀ ಮುಚ್ಚಳ ಅಂಟಿಸಿ, ಎಚ್ಚರಿಕೆಯ ಕೆಂಪು ದೀಪ ಹತ್ತದಂತೆ ಒಳಗೆ ಒಂದು ತಂತಿ ಸಿಕ್ಕಿಸಿದ. ತಟ್ಟಿ ನೋಡಿದರೆ ಡಬ್ಬದ ಶಬ್ದ ಬಂತು. ಗಾಡಿಗಳನ್ನು ನಿಲ್ಲಿಸುವ ನಂತೂರಿನ ಯಾರ್ಡಿನಲ್ಲಿ ಗಾಜು ಒರೆಸಲೆಂದು ಹೆಂಡತಿ ಅಕ್ಕು ಕೊಟ್ಟಿದ್ದ ಹಳೆಬಟ್ಟೆಯ ಕಟ್ಟು ಅಲ್ಲೇ ಇತ್ತು. ಅದರಿಂದ ಅವಳ ಹಳೆಯ ಸಾಸಿವೆ ಬಣ್ಣದ ಸೀರೆಯ ತುಂಡನ್ನು ಎಳೆದು ಒಳಗೆ ತುರುಕಿದ. ಮತ್ತೆ ತಟ್ಟಿದ. ಗಟ್ಟಿ ಶಬ್ದ ಬಂತು. ತನ್ನ ಕೈಚಳಕಕ್ಕೆ ತಾನೇ ತಲೆದೂಗಿದ.

ಇಂಥ ಗಾಡಿಯನ್ನು ಊರಿನಲ್ಲಿ ಮಾರಬಾರದು. ಘಟ್ಟ ಹತ್ತಿಸಬೇಕು. ಅದು ಈ ಕಸುಬಿನ ಮೊದಲ ಪಾಠ. ಹಾಸನದ ಕಡೆಯವರಿಗೆ ಕಥೆ ಹೇಳಿ, ಬಗ್ಗಿ ತೋರಿಸಿ ಮಾರಿದ. ಬ್ರೋಕರನ ಹೆಸರು ಯಾವ ಕಾಗದದಲ್ಲಿಯೂ ಇರುವುದಿಲ್ಲ. ಗಾಡಿ ಘಟ್ಟ ಹತ್ತಿತು, ಬೋಜ ಮರೆತ.

ಶಕ್ತಿನಗರದಲ್ಲಿ ಅವನ ಮನೆ. ಮನೆಯಲ್ಲಿ ಅಕ್ಕು, ಮಗಳು ಮೋಕ್ಷಾ. ಮೋಕ್ಷಾ ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಶಾರ್ಜಾದಲ್ಲಿರುವ ಹಿತೇಶನೊಂದಿಗೆ ಅವಳ ನಿಶ್ಚಿತಾರ್ಥವಾಗಿತ್ತು. ಹುಡುಗನ ಕಡೆಯವರು ಹೆಚ್ಚು ವಿಚಾರಿಸಿರಲಿಲ್ಲ. ‘ಬೋಜಣ್ಣನ ಮಾತಂದ್ರೆ ಮಾತು’ ಎಂದು ನಂತೂರಿನಲ್ಲಿ ನಾಲ್ಕು ಜನ ಹೇಳಿದ್ದರು, ಅಷ್ಟು ಸಾಕಾಗಿತ್ತು.

ಮದುವೆಗೆ ರಜೆಯಲ್ಲಿ ಬಂದ ಹಿತೇಶ ಒಂದು ಬೆಳಿಗ್ಗೆ ಹಾರ್ನ್ ಹೊಡೆದುಕೊಂಡು ಅಂಗಳಕ್ಕೆ ಬಂದ. ಬಿಳಿ ಹಯಾಸೆ. ಬೋಜ ಚಹಾದ ಲೋಟ ಹಿಡಿದು ಹೊರಗೆ ಬಂದವನು ನಂಬರ್ ಪ್ಲೇಟ್ ನೋಡಿ ಮೆಟ್ಟಿಲ ಮೇಲೆಯೇ ನಿಂತ. ಘಟ್ಟ ಹತ್ತಿಸಿದ ಗಾಡಿ ಘಟ್ಟ ಇಳಿದು ಬಂದಿತ್ತು. ಮಂಗಳೂರಿನ ನಂಬರಿನ ಗಾಡಿಗೆ ಮಂಗಳೂರಿನಲ್ಲೇ ಹೆಚ್ಚು ಬೆಲೆ ಎಂದು ಬೋಜನ ಕೈಕೆಳಗೇ ಕಸುಬು ಕಲಿತ ಶಿಷ್ಯ ಮುಖೇಶ ಅದನ್ನು ಹಾಸನದಿಂದ ತರಿಸಿ ಹಿತೇಶನಿಗೆ ಕೊಟ್ಟಿದ್ದ.

“ಸರ್ಪ್ರೈಸ್ ಮಾವ! ನಿಮಗೆ ಹೇಳದೆ ತಗೊಂಡೆ. ಬೈಬೇಡಿ” ಎಂದ ಹಿತೇಶ. “ಮುಖೇಶಣ್ಣ ಎಲ್ಲ ಹೇಳಿದ್ರು. ಈ ಹಯಾಸೆಯವ ಮೊದಲು ದೋಣಿಗೆ ಎಂಜಿನ್ ಮಾಡ್ತಿದ್ದದ್ದಂತೆ, ಗೊತ್ತುಂಟಾ?”

ಬೋಜ ಬಿತ್ತಿದ ಕಥೆ ತೆನೆಗಟ್ಟಿ ಅವನ ಅಂಗಳಕ್ಕೇ ಬಂದಿತ್ತು. ದೋಣಿ, ಬೂದಿ, ಅನ್ನದ ಪಾತ್ರೆ, ಒಂದಕ್ಷರ ಆಚೀಚೆ ಇಲ್ಲ. ಹಿತೇಶ ಕೊನೆಗೆ ಸೊಂಟ ಬಗ್ಗಿಸಿಯೂ ತೋರಿಸಿದ. ಅಕ್ಕು, ಮೋಕ್ಷಾ ಬಿದ್ದು ಬಿದ್ದು ನಕ್ಕರು.

“ಮಾವ, ಇಲ್ಲಿ ಬನ್ನಿ. ತಟ್ಟಿ ನೋಡಿ” ಎಂದು ಹಿತೇಶ ಎಡಗಡೆಯ ಡ್ಯಾಶ್‌ಬೋರ್ಡನ್ನು ಅಂಗೈಯಲ್ಲಿ ಬಡಿದ. “ಈಗಿನ ಗಾಡಿಗಳು ಬರೀ ಡಬ್ಬ. ಇದು ನೋಡಿ, ಎಂಥ ಗಟ್ಟಿ!”

ಬೋಜನೂ ತಟ್ಟಿದ. ಗಟ್ಟಿ ಇತ್ತು. ಅವನ ಕೆಲಸ ಎಂದೂ ಕಳಪೆಯಾಗಿದ್ದದ್ದಿಲ್ಲ.

“ಎರಡು ದಿನ ನನ್ನ ಹತ್ರ ಬಿಡಿ ಹಿತೇಶ್. ಒಮ್ಮೆ ಬಿಚ್ಚಿ ನೋಡ್ತೇನೆ.”

ಹಿತೇಶ ದೊಡ್ಡದಾಗಿ ನಕ್ಕ. “ಹಯಾಸೆಯನ್ನು ಬಿಚ್ಚಿ ನೋಡುದಾ! ನೀವೇ ಹೀಗೆ ಹೇಳಿದ್ರೆ ಹೇಗೆ ಮಾವ? ಇದಕ್ಕೆ ಸ್ಪ್ಯಾನರ್ ತಾಗಿಸಿದ್ರೆ ಇದಕ್ಕೆ ಅವಮಾನ ಅಂತ ಹೇಳಿದ್ರು ಮುಖೇಶಣ್ಣ.”

ಅದೂ ಬೋಜನದೇ ಮಾತು.

ಬಿಸಿತುಪ್ಪ ಬಾಯಲ್ಲಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ‘ಆ ಸೀಟಿನ ಎದುರು ಬ್ಯಾಗ್ ಇಲ್ಲ’ ಎಂದರೆ ‘ನಿಮಗೆ ಹೇಗೆ ಗೊತ್ತು’ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕೊಟ್ಟರೆ ಮಗಳ ಮದುವೆ ಮುರಿಯುತ್ತದೆ, ನಂತೂರಿನಲ್ಲಿ ಮುಖ ಎತ್ತಿ ನಡೆಯುವ ಹಾಗಿಲ್ಲ. ಹೇಳದಿದ್ದರೆ ಆ ಸೀಟಿನಲ್ಲಿ ಕೂರುವವಳು ಮೋಕ್ಷಾ. ಸೊಂಟ ಬಗ್ಗಿಸಿ ‘ತಪ್ಪು ನನ್ನದು’ ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಬೋಜ ಸೊಂಟ ಬಗ್ಗಿಸಲಿಲ್ಲ. ಉಪಾಯ ಹುಡುಕಿದ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಗಳಿಗೆ ಹೇಳಿದ: “ಮದುವೆ ಆಗುವವರೆಗೆ ಅವನ ಪಕ್ಕ ಮುಂದಿನ ಸೀಟಲ್ಲಿ ಕೂತ್ಕೊಳ್ಬೇಡ. ಹಿಂದೆ ಕೂತ್ಕೋ.”

“ಎಂತ ಪಪ್ಪ? ಯಾವ ಕಾಲದಲ್ಲಿದ್ದೀರಿ ನೀವು?”

“ಹೇಳಿದಷ್ಟು ಕೇಳು. ಜನ ನೋಡ್ತಾರೆ.”

“ಜನರಿಗೆ ಬೇರೆ ಕೆಲಸ ಇಲ್ವಾ? ನಿಶ್ಚಯ ಆದದ್ದು ಇಡೀ ಊರಿಗೆ ಗೊತ್ತುಂಟು ಮಾರಾಯ್ರೆ” ಎಂದು ಅಕ್ಕು ನಡುವೆ ಬಾಯಿ ಹಾಕಿದಳು.

ಬೋಜ ಬಟ್ಟಲನ್ನು ತಳ್ಳಿ ಎದ್ದ. ಮರ್ಯಾದೆಗೆಟ್ಟ ಹೆಣ್ಣು ಎಂದು ಮಗಳನ್ನು ಬೈದ. ಹಾಗೆ ಬೆಳೆಸಿದ್ದಕ್ಕೆ ಹೆಂಡತಿಯನ್ನು ಅದಕ್ಕಿಂತ ಕೆಟ್ಟ ಮಾತಿನಲ್ಲಿ ಬೈದ. ಮೋಕ್ಷಾ ಅತ್ತಳು, ಮುಂದೆ ಕೂರುವುದಿಲ್ಲ ಎಂದು ಮಾತು ಕೊಟ್ಟಳು. ಬೋಜನ ಎದೆಯ ಭಾರ ಇಳಿಯಿತು. ಹಾಗಾದರೆ ಮುಂದೆ ಯಾರು ಕೂರುತ್ತಾರೆ ಎಂದು ಅವನು ಯೋಚಿಸಲಿಲ್ಲ ಎನ್ನುವ ಹಾಗಿಲ್ಲ. ಹಿತೇಶನ ತಾಯಿ ಕೂರುತ್ತಾಳೆ ಎಂದು ಯೋಚಿಸಿದ್ದ. ಯೋಚಿಸಿ, ಮತ್ತೆ ಕುಳಿತು, ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಊಟ ಮುಗಿಸಿದ್ದ.

ಭಾನುವಾರ ಮದುವೆಯ ಸೀರೆಗೆಂದು ಉಡುಪಿಗೆ ಹೊರಟರು. ಹಿತೇಶನ ತಾಯಿಗೆ ಮಂಡಿನೋವು, ಬರಲಿಲ್ಲ. ಅವನ ಅಕ್ಕ ಭವ್ಯಶ್ರೀ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದು ಹಿಂದಿನ ಸೀಟು ಹಿಡಿದಿದ್ದಳು. ಮಾತು ಕೊಟ್ಟಂತೆ ಮೋಕ್ಷಾ ಮುಖ ಊದಿಸಿಕೊಂಡು ಅವರ ಪಕ್ಕ ತುರುಕಿಕೊಂಡಳು.

“ಅತ್ತೆ, ನೀವು ಮುಂದೆ ಕೂತ್ಕೊಳ್ಳಿ” ಎಂದು ಹಿತೇಶ ಇಳಿದು ಬಾಗಿಲು ತೆರೆದ.

ಕಾರು ಬ್ರೋಕರನ ಹೆಂಡತಿಯಾಗಿ ಇಷ್ಟು ವರ್ಷ ಅಕ್ಕು ಓಡಾಡಿದ್ದು ಸಿಟಿ ಬಸ್ಸಿನಲ್ಲಿ. ಮಾರುವ ಗಾಡಿಯ ಸೀಟು ಕೊಳೆಯಾಗುತ್ತದೆಂದು ಬೋಜ ಅವಳನ್ನು ಹತ್ತಿಸುತ್ತಿರಲಿಲ್ಲ. ಅವಳು ಮಲ್ಲಿಗೆ ಮುಡಿದಿದ್ದಳು. ತನಗೆ ಯಾರಾದರೂ ಕಾರಿನ ಬಾಗಿಲು ತೆರೆದು ಹಿಡಿದದ್ದು ಇದೇ ಮೊದಲು ಎಂಬ ಸಂತೋಷವನ್ನು ಮುಚ್ಚಿಡಲು ಅವಳಿಗೆ ಬರಲಿಲ್ಲ.

“ನೀನು ಹಿಂದೆ ಕೂತ್ಕೋ” ಎಂದ ಬೋಜ.

“ಹಿಂದೆ ಎಲ್ಲಿ ಜಾಗ ಉಂಟು? ನನ್ನನ್ನೂ ಜನ ನೋಡ್ತಾರಾ ಎಂತ?” ಎಂದು ಅಕ್ಕು ನಗುತ್ತಾ ಹತ್ತಿ ಕುಳಿತಳು. ಬೆಲ್ಟ್ ಹಾಕಿಕೊಂಡಳು. ಕತ್ತಿಗೆ ಉಜ್ಜುತ್ತದೆಂದು ಅದನ್ನು ಕಂಕುಳ ಕೆಳಗೆ ಸರಿಸಿದಳು.

“ಈ ಗಾಡಿಯಲ್ಲಿ...” ಎಂದು ಬೋಜ ಬಾಯಿ ತೆರೆದ. ಎಲ್ಲರೂ ಅವನ ಕಡೆ ತಿರುಗಿದರು. ಹಿತೇಶ ಸ್ಟಿಯರಿಂಗಿನ ಹಿಂದಿನಿಂದ ಬಗ್ಗಿ ನೋಡಿದ.

“ಎಂತ ಮಾವ?”

ಅಕ್ಕುವಿನ ಮುಖ ಅವನಿಂದ ಒಂದು ಮೊಳ ದೂರದಲ್ಲಿತ್ತು.

“ಎಂತ ಇಲ್ಲ. ಹಯಾಸೆ ಅಲ್ವಾ, ಕೈಕೊಡುದಿಲ್ಲ. ಹೋಗಿ ಬನ್ನಿ.”

ಕೈಕೊಡಲೂ ಇಲ್ಲ. ಉಡುಪಿಗೆ ಹೋದರು, ಸೀರೆ ತೆಗೆದರು, ಊಟ ಮಾಡಿದರು. ವಾಪಸು ಬರುವಾಗ ನಂತೂರಿನಲ್ಲಿ ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಹಿತೇಶ ಬ್ರೇಕ್ ಒತ್ತಿದ, ಬ್ರೇಕೂ ಹಿಡಿಯಿತು, ರಸ್ತೆ ಸಾಲಲಿಲ್ಲ. ಸ್ಟಿಯರಿಂಗಿನ ಬ್ಯಾಗ್ ಉಬ್ಬಿ ಹಿತೇಶನ ಮುಖವನ್ನು ಹಿಡಿದುಕೊಂಡಿತು. ಹಿಂದೆ ಕುಳಿತವರಿಗೆ ತರಚುಗಾಯಗಳಾದವು. ಎಡಗಡೆಯಿಂದ ಏನೂ ಬರಲಿಲ್ಲ. ಅಕ್ಕುವಿನ ಮುಖ ನೇರ ಹೋಗಿ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಬೋಜ ಆಗ ಅಲ್ಲಿಗೆ ಕೂಗಳತೆಯ ದೂರದಲ್ಲಿ, ತನ್ನ ಯಾರ್ಡಿನಲ್ಲಿದ್ದ. ರಸ್ತೆ ಜಾಮ್ ಆದದ್ದು ನೋಡಿ, ‘ಯಾವನೋ ಗುದ್ದಿರಬೇಕು’ ಎಂದು ಗೊಣಗಿ, ಎದುರಿಗಿದ್ದ ಗಿರಾಕಿಗೆ ಕಥೆ ಮುಂದುವರಿಸಿದ. ಸೊಂಟ ಬಗ್ಗಿಸಿ ತೋರಿಸುತ್ತಿದ್ದಾಗ ಜೇಬಿನಲ್ಲಿ ಮೊಬೈಲ್ ಹೊಡೆದುಕೊಂಡಿತು. ಕಥೆ ಮುಗಿಸಿಯೇ ಎತ್ತಿದ.

ಫಳ್ನೀರಿನ ಆಸ್ಪತ್ರೆಯಲ್ಲಿ ಅಕ್ಕುವಿನ ಒಡೆದ ದವಡೆಯನ್ನು ಜೋಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದರು. ಮೂಗಿನಲ್ಲಿ ನಳಿಕೆ. ಎರಡೂ ಕೈ ನೆಟ್ಟಗಿದ್ದವು, ಕಣ್ಣೂ ನೆಟ್ಟಗಿತ್ತು. ನೋಡಲು ಬಂದವರೆಲ್ಲ ಜೀವ ಉಳಿಯಿತಲ್ಲ ಎಂದರು. ಗಾಡಿ ಎಳೆದುಕೊಂಡು ಹೋದವನು ಕೀ ತಿರುಗಿಸಿದರೆ ಎಂಜಿನ್ ಈಗಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ ಎಂದು ಹೇಳಿದ್ದನಂತೆ. ಬೋಜ ಅದನ್ನು ಬಂದವರಿಗೆಲ್ಲ ಹೇಳಿದ. ಹೇಳುತ್ತಾ ಅವನಿಗೆ ಸ್ವಲ್ಪ ಧೈರ್ಯ ಬರುತ್ತಿತ್ತು. ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಂಡದ್ದು ಅವಳದೇ ತಪ್ಪು ಎಂದೂ ಹೇಳಿದ, ಅವಳ ಮಂಚದ ಪಕ್ಕದಲ್ಲೇ ನಿಂತು.

ಮೂರನೆಯ ದಿನ ಮೋಕ್ಷಾ ಮದ್ದು ತರಲು ಕೆಳಗೆ ಹೋಗಿದ್ದಾಗ ಹಿತೇಶ ಒಳಗೆ ಬಂದ. ಗ್ಯಾರೇಜಿನಿಂದ ನೇರ ಬಂದಿದ್ದ. ಕೈಯಲ್ಲಿ ಒಂದು ಬಟ್ಟೆಯ ಮುದ್ದೆ ಇತ್ತು.

“ನೋಡಿ ಮಾವ. ಬ್ಯಾಗಿನ ಜಾಗದಲ್ಲಿ ಇದನ್ನು ತುಂಬಿಸಿದ್ದಾರೆ. ಚಿಂದಿ! ಮನುಷ್ಯರಾ ಇವರು? ಮುಖೇಶ ದೈವದ ಮೇಲೆ ಆಣೆ ಹಾಕ್ತಾನೆ, ಅವನಿಗೆ ಗೊತ್ತೇ ಇಲ್ಲ ಅಂತ. ಹಿಂದೆ ಹಿಂದೆ ಹುಡುಕಿಕೊಂಡು ಹೋಗ್ತೇನೆ. ಇದನ್ನು ಮಾಡಿದವನ ಕೈ ಮುರಿಯದೆ ಶಾರ್ಜಾಕ್ಕೆ ಹೋಗುದಿಲ್ಲ ನಾನು.”

“ಇಂಥವರನ್ನು ಬಿಡಬಾರದು” ಎಂದ ಬೋಜ. “ಆ ಗಲೀಜು ಇಲ್ಲಿಗೆ ಯಾಕೆ ತಂದ್ರಿ? ಕೊಡಿ, ಬಿಸಾಡ್ತೇನೆ.”

ಅವನು ಕೈ ಚಾಚುವ ಮೊದಲೇ ಮಂಚದಿಂದ ಅಕ್ಕುವಿನ ಕೈ ಬಂತು. ಹಿತೇಶನ ಕೈಯಿಂದ ಬಟ್ಟೆಯ ಒಂದು ಅಂಚನ್ನು ಹಿಡಿದು ಎಳೆದುಕೊಂಡಳು. ಸಾಸಿವೆ ಬಣ್ಣ, ಹಸಿರು ಅಂಚು. ಮೋಕ್ಷಾ ಹೊಟ್ಟೆಯಲ್ಲಿದ್ದಾಗ ಬಯಕೆಯ ದಿನ ಅವಳು ಉಟ್ಟ ಸೀರೆ. ಹರಿದಲ್ಲಿ ಕೆಂಪು ನೂಲಿನಿಂದ ಅವಳೇ ಹೊಲಿದಿದ್ದಳು. ಹಸಿರು ನೂಲು ಮುಗಿದಿತ್ತು, ತಂದುಕೊಡಿ ಎಂದರೆ ಬೋಜ ತಂದಿರಲಿಲ್ಲ. ಆ ಹೊಲಿಗೆಯ ಮೇಲೆ ಅವಳ ಹೆಬ್ಬೆರಳು ನಿಧಾನವಾಗಿ ಹರಿದಾಡಿತು. ಆಮೇಲೆ ಅವಳು ಗಂಡನ ಮುಖ ನೋಡಿದಳು.

“ಅತ್ತೆಗೂ ಸಿಟ್ಟು ಬಂದಿದೆ, ಪಾಪ” ಎಂದ ಹಿತೇಶ.

ಬೋಜ ಬಟ್ಟೆಯನ್ನು ಬಿಡಿಸಿಕೊಳ್ಳಲು ನೋಡಿದ. ಅಕ್ಕು ಬಿಡಲಿಲ್ಲ. ಅದನ್ನು ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು, ಕಣ್ಣನ್ನು ಅವನ ಮುಖದಿಂದ ತೆಗೆಯಲಿಲ್ಲ.

ಅಷ್ಟರಲ್ಲಿ ಡಾಕ್ಟರು ಬಂದರು, ಹಿಂದೆಯೇ ಮದ್ದಿನ ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಮೋಕ್ಷಾ. ಡಾಕ್ಟರು ಅಕ್ಕುವಿನ ಗಲ್ಲ ಹಿಡಿದು ಆಚೀಚೆ ನೋಡಿ ಸಂತೋಷಪಟ್ಟರು.

“ಚೆನ್ನಾಗಿ ಕೂಡಿಕೊಳ್ತಾ ಉಂಟು. ಒಂದೂವರೆ ತಿಂಗಳಲ್ಲಿ ತಂತಿ ಬಿಚ್ಚುವ. ಎಂತದ್ದೂ ಹೆದರಬೇಡಿ, ಅಮ್ಮ ಮೊದಲಿನ ಹಾಗೆಯೇ ಮಾತಾಡ್ತಾರೆ.”

ಮೋಕ್ಷಾ ಬಾಯಿಗೆ ಕೈ ಇಟ್ಟು ಅತ್ತುಬಿಟ್ಟಳು. ಹಿತೇಶ ಕಣ್ಣೊರೆಸಿಕೊಂಡ. ಬೋಜ ಸೊಂಟದವರೆಗೆ ಬಗ್ಗಿ ಡಾಕ್ಟರಿಗೆ ಕೈ ಮುಗಿದ. ಅಪ್ಪನಿಗೆ ಅಮ್ಮನ ಮೇಲೆ ಇಷ್ಟು ಜೀವ ಇದೆಯೆಂದು ಮೋಕ್ಷಾಳಿಗೆ ಗೊತ್ತಿರಲಿಲ್ಲ. ಬಗ್ಗಿದವನು ಬಗ್ಗಿದಲ್ಲೇ, ಆ ತಂತಿ ಬಿಚ್ಚುವ ದಿನ ಬಾರದೇ ಹೋಗಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದ.