ಜಿರಲೆಯ ಬೆನ್ನಿಗೆ ಇಟ್ಟ ಕೆಂಪು ಚುಕ್ಕೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಅಂಬೇವಾಡಿಯ ನಮ್ಮ ಮನೆಯ ಹಿತ್ತಲಲ್ಲಿ ಎರಡು ವರ್ಷ ಜಿರಲೆ ಸಾಕಿದೆ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ತಮ್ಮನಿಗಾಗಿ. ನಾನು ಓದಿದ್ದು ನಾಲ್ಕನೇ ಇಯತ್ತೆ, ಆದರೂ ಅವನು ಹೇಳಿದ್ದು ತಿಳಿಯುತ್ತಿತ್ತು. ಜಿರಲೆಯ ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ರಸ ತಯಾರಿಸುತ್ತದೆ. ಮಿದುಳಿಗೆ ಔಷಧದ ಹಬೆ ಕೊಟ್ಟು ತೆಳ್ಳಗೆ ಸೀಳಿ ನೋಡಿದರೆ, ಆ ಕೋಶಗಳಷ್ಟೇ ಹಳದಿಯಾಗಿ, ಹಸಿರಾಗಿ ಹೊಳೆಯುತ್ತವಂತೆ. ಅವು ಎಲ್ಲೆಲ್ಲಿವೆ ಎಂದು ಅವನು ನಕಾಶೆ ಬರೆಯುತ್ತಿದ್ದ. ಜಿರಲೆ ಕೊನೆಯ ಪೊರೆ ಕಳಚಿದ ಮೇಲೆ ದಿನದಿಂದ ದಿನಕ್ಕೆ ಆ ಹೊಳಪು ಹೇಗೆ ಬದಲಾಗುತ್ತದೆ ಎಂಬುದು ಅವನ ಪ್ರಶ್ನೆ.

ಪೊರೆ ಬಿಟ್ಟ ಜಿರಲೆ ಕೆಲವು ತಾಸು ಮಾತ್ರ ಬೆಳ್ಳಗಿರುತ್ತದೆ. ಅಷ್ಟರಲ್ಲಿ ಗುರುತಿಸಿ ಬೇರೆ ಡಬ್ಬಿಗೆ ಹಾಕಿ, ಮೈ ಗಟ್ಟಿಯಾದ ಮೇಲೆ ಬೆನ್ನಿಗೆ ಉಗುರುಬಣ್ಣದ ಚುಕ್ಕೆ ಇಡುವುದು ನನ್ನ ಕೆಲಸ. ಸೋಮವಾರದ್ದಕ್ಕೆ ಕೆಂಪು, ಮಂಗಳವಾರದ್ದಕ್ಕೆ ಗುಲಾಬಿ. ಪಕ್ಕದ ಮನೆಯಾಕೆ ಇಣುಕಿ, "ಇವತ್ತ ಯಾವ ಮದಿಮಗಳಿಗೆ ಬಣ್ಣಾ ಹಚ್ಚಾಕತ್ತೀ ಬೇ?" ಎನ್ನುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಹಳಿಯಾಳದ ಚಿಕ್ಕವ್ವನ ಮನೆಗೆ ಹೋಗಿ ನಾಲ್ಕು ದಿನ ಉಳಿದೆ. ಅಂಥ ಕೆಲಸವೇನಿರಲಿಲ್ಲ, ಬೇಸರ ಬಂದಿತ್ತು. ಮರಳಿ ಬಂದು ನೋಡಿದರೆ ಐದು ಜಿರಲೆಗಳಿಗೆ ರೆಕ್ಕೆ ಬಂದು, ಮೈ ಆಗಲೇ ಕಂದಾಗಿತ್ತು. ಯಾವುದು ಯಾವ ದಿನದ್ದೋ. ತಮ್ಮ ಸೋಮವಾರದವು ಹತ್ತು ಬೇಕೆಂದಿದ್ದ, ನನ್ನಲ್ಲಿದ್ದದ್ದು ಐದು. ಈ ಐದಕ್ಕೂ ಕೆಂಪು ಚುಕ್ಕೆ ಇಟ್ಟು, ಸೋಮವಾರದವುಗಳ ಜೊತೆಗೇ ಬಿಟ್ಟು, ಧಾರವಾಡದ ಬಸ್ಸಿಗೆ ಡಬ್ಬಿ ಹಾಕಿದೆ.

ಎರಡು ತಿಂಗಳ ಮೇಲೆ ಅವನು ಊರಿಗೆ ಬಂದು ಜಿರಲೆಗೊಂದರಂತೆ ಬರೆದ ನಕಾಶೆಯ ಹತ್ತು ಹಾಳೆ ನೆಲಕ್ಕೆ ಹಾಸಿದ.

"ನೋಡಕ್ಕಾ, ಎಲ್ಲಾ ಒಂದ ದಿನದ ಹುಳ. ಒಂದರಾಗ ಹಳದಿ ದಟ್ಟ ಐತಿ, ಇನ್ನೊಂದರಾಗ ಹುಡುಕಬೇಕು. ನನ್ನ ಕೈಯಾಗ ತಪ್ಪೈತಿ. ನಮ್ಮ ಗೈಡ್ ಸಾಹೇಬ್ರು ಮೊದಲಿಂದ ಕಲೀ ಅಂದಾರ."

ಚಹಾಕ್ಕೆಂದು ಎದ್ದೆ, ಕುಳಿತೆ, ಮತ್ತೆ ಎದ್ದೆ. ಇದ್ದ ಮೂರು ದಿನವೂ ಅವನು ತನ್ನ ಕೈಯನ್ನೇ ಬೈದುಕೊಂಡ. ನಾನು ಗುಡಿಸಿದ್ದನ್ನೇ ಗುಡಿಸಿದೆ. ಹೊರಡುವಾಗ ಹಾಳೆ ಸುತ್ತುತ್ತಿದ್ದ, ಆಗ ಹೇಳಿದೆ.

ಅವನು ಬೈಯಲಿಲ್ಲ. ಕುಳಿತು ಹಾಳೆಗಳನ್ನು ಮತ್ತೆ ಬಿಡಿಸಿದ.

"ಆ ಐದು ಯಾವು?"

"ಎಲ್ಲಾಕ್ಕೂ ಒಂದ ಥರಾ ಇಟ್ಟೇನಿ. ಗೊತ್ತಿಲ್ಲೋ ತಮ್ಮಾ."

ಪೆನ್ಸಿಲು ತೆಗೆದು ಒಂದೊಂದಾಗಿ ಹತ್ತೂ ಹಾಳೆಗೆ ಅಡ್ಡಗೆರೆ ಎಳೆದ. ಸರಿಯಾಗಿದ್ದ ಐದಕ್ಕೂ.